ನಿಮ್ಮ ಹಟ್ಟಿಯ ಪಟ ಕಳಿಸಿದ್ದೇನೆ, ನೋಡು

ಸಾಲಿಗ್ರಾಮ, ಉಡುಪಿ ಜಿಲ್ಲೆ
ಮೇ ಮೊದಲ ವಾರ

ಗೆಳೆಯಾ,

ನೀನು ವಿಸ್ಕಾನ್ಸಿನ್‌ನಿಂದ ಕಳಿಸಿದ ಪಟ ನಮ್ಮ ಮನೆಯಲ್ಲಿ ಎಲ್ಲರ ಕೈಗೂ ಹೋಗಿ ಬಂತು. ಕೆಂಪು ಬಣ್ಣದ ದೊಡ್ಡ ಕೊಟ್ಟಿಗೆ, ಎರಡು ಮಡಿಕೆಯ ಮಾಡು (ಚಾವಣಿ), ಸುತ್ತ ಹಸಿರು. ಅಮ್ಮ ಕನ್ನಡಕ ಏರಿಸಿಕೊಂಡು ನೋಡಿ, "ಇಷ್ಟು ದೊಡ್ಡ ಹಟ್ಟಿಯ ಸಗಣಿ ತೆಗೆಯುವವರು ಯಾರಂತೆ?" ಎಂದು ಕೇಳಿದರು. ಉತ್ತರ ಗೊತ್ತಿದ್ದರೆ ಬರೆ.

ಪಟದ ಕೆಳಗೆ "ನಮ್ಮೂರಲ್ಲಿ ಇಂಥದ್ದೊಂದು ಇಲ್ಲವಲ್ಲ ಮಾರಾಯ" ಅಂತ ಬರೆದೆಯಲ್ಲ, ಅದು ನನಗೆ ಸ್ವಲ್ಪ ನಾಟಿತು. ಭಾನುವಾರ ಬೆಳಿಗ್ಗೆ ಬಿಸಿಲು ಏರುವ ಮೊದಲು ನಿಮ್ಮ ಹಳೆಮನೆಗೆ ಹೋದೆ. ಬೀಗದ ಕೈ ನಿಮ್ಮ ಚಿಕ್ಕಪ್ಪನ ಹತ್ತಿರವೇ ಉಂಟು, ಆದರೆ ಹಟ್ಟಿಗೆ ಬೀಗ ಎಂಥದ್ದು? ಒಂದು ಅಡ್ಡಗೋಲು, ಅಷ್ಟೆ. ಅದನ್ನು ಸರಿಸಿ ಒಳಗೆ ಹೋದರೆ ಕತ್ತಲು. ಕಣ್ಣು ಹೊಂದಿಕೊಂಡ ಮೇಲೆ ಹಂಚಿನ ಸಂದುಗಳಿಂದ ಬಿಸಿಲಿನ ಕೋಲುಗಳು ನೆಲಕ್ಕೆ ಇಳಿದದ್ದು ಕಂಡಿತು. ಹಸು ಇಲ್ಲದೆ ಆರು ವರ್ಷವಾಯಿತು, ಆದರೂ ಹಟ್ಟಿಯ ವಾಸನೆ ಹೋಗಿಲ್ಲ ಮಾರಾಯ. ಒಣ ಸೊಪ್ಪು, ಹಳೆ ಗಂಜಲ, ಹುಲ್ಲಿನ ಧೂಳು. ಗೋಡೆಯ ಕೆಂಪು ಕಲ್ಲೇ ಅದನ್ನು ಕುಡಿದಿರಬೇಕು.

ಕೆಂಪು ಅಂದಾಗ ನೆನಪಾಯಿತು. ಅಲ್ಲಿಯ ಹಳೆಯ ರೈತರು ಅಗಸೆ ಎಣ್ಣೆಗೆ ಕಬ್ಬಿಣದ ತುಕ್ಕಿನ ಪುಡಿ ಕಲಸಿ ಕೊಟ್ಟಿಗೆಗೆ ಬಳಿಯುತ್ತಿದ್ದರಂತೆ, ಆ ಕೆಂಪು ಹುಟ್ಟಿದ್ದು ಹಾಗೆ. ನಮ್ಮ ಮುರಕಲ್ಲು ಕೆಂಪಾದದ್ದೂ ಅದೇ ಕಬ್ಬಿಣದ ತುಕ್ಕಿನಿಂದ. ಅವರು ಹೊರಗಿನಿಂದ ಬಳಿದದ್ದನ್ನು ನಾವು ನೆಲದಿಂದಲೇ ಕಡಿದು ತಂದು ಗೋಡೆ ಇಟ್ಟೆವು. ಈಗ ಹೇಳು, ನಮ್ಮೂರಲ್ಲಿ ಇಲ್ಲವಾ?

ಅಲ್ಲಿಯ ಕೊಟ್ಟಿಗೆಗೆ ವೈರಿ ಚಳಿ. ಅದಕ್ಕೇ ಹುಲ್ಲು ಮೇಲಿನ ಅಟ್ಟದಲ್ಲಿ, ಹಸುಗಳು ಕೆಳಗೆ. ಹಿಮ ಬಿದ್ದಾಗ ಹೊರಗೆ ಕಾಲಿಡದೆ ಮೇಲಿನಿಂದ ಹುಲ್ಲು ದೂಡಬಹುದು. ನಮ್ಮ ಹಟ್ಟಿಗೆ ವೈರಿ ಮಳೆ. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಸುರಿಯುವ ಊರಿನಲ್ಲಿ ಮಾಡು ಎಷ್ಟು ತಗ್ಗಿ ನಿಂತಿದೆ ಅಂತ ನಿನಗೆ ಮರೆತೇ ಹೋಗಿದೆ. ನಾನು ಈ ಸಲವೂ ಹಣೆ ಹೊಡೆಸಿಕೊಂಡೆ. ಇರಿಚಲು ಗೋಡೆಗೆ ತಾಗಬಾರದೆಂದು ನಿಮ್ಮ ಅಜ್ಜಯ್ಯ ಮಾಡನ್ನು ಸೊಂಟದವರೆಗೆ ಇಳಿಸಿದ್ದು. ಚಂದಕ್ಕೆಂದು ಒಂದು ಗೂಟವನ್ನೂ ಹೊಡೆದವರಲ್ಲ ಅವರು.

ಪಶ್ಚಿಮ ಮೂಲೆಯಲ್ಲಿ ಜಾರಿ ಬಿದ್ದಿದ್ದ ಒಂದು ಹಂಚನ್ನು ತಿರುಗಿಸಿ ಪಾಚಿ ಕೆರೆದೆ. ಬಾಸೆಲ್ ಮಿಷನ್ ಹೆಸರು, ಕೆಳಗೆ 1865. ಐದನೇ ಕ್ಲಾಸಿನಲ್ಲಿ ನೀನು ಇದನ್ನೇ ತೋರಿಸಿ "ನಮ್ಮ ಹಟ್ಟಿ 1865ರದ್ದು" ಅಂತ ಇಡೀ ಶಾಲೆಗೆ ಹೇಳಿಕೊಂಡು ಬಂದಿದ್ದೆ. ನಾನೂ ನಂಬಿ, ನಮ್ಮ ಹಟ್ಟಿ ಸೋಗೆಯದ್ದು ಎಂದು ವಾರಗಟ್ಟಲೆ ಕೊರಗಿದ್ದೆ. ಅದು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುವಾದ ವರ್ಷ ಮಾರಾಯ! ಅಚ್ಚಿನಲ್ಲಿ ಅದನ್ನೇ ಒತ್ತುತ್ತಿದ್ದರು. ಈ ಸಾಲ ತೀರಿಸಲು ನನಗೆ ಮೂವತ್ತು ವರ್ಷ ಬೇಕಾಯಿತು.

ಹೊರಗೆ ಅಂಗಳದ ಅಂಚಿನಲ್ಲಿ ಹುಲ್ಲುಕುತ್ರಿಯ ಕಂಬ ಮಾತ್ರ ನಿಂತಿದೆ. ಅದರ ಸುತ್ತ ಹುಲ್ಲಿನ ಸೂಡಿ (ಕಟ್ಟು) ಜೋಡಿಸುತ್ತಿದ್ದವರ ಕೈ ನೆನಪಿದೆಯಾ? ತೆನೆಯ ಕಡೆ ಒಳಗೆ, ಬುಡ ಹೊರಗೆ, ಪ್ರತಿ ಸುತ್ತಿಗೂ ಒಂದಿಷ್ಟು ಹೊರ ಇಳಿಜಾರು. ಒಂದು ಸುತ್ತು ತಪ್ಪಿದರೆ ಆಷಾಢಕ್ಕೆ ಒಳಗಿನ ಹುಲ್ಲೆಲ್ಲ ಕಪ್ಪು. ಈಗ ಬೈಲಿಗೆ ಕಟಾವು ಯಂತ್ರ ಬರುತ್ತದೆ, ಹುಲ್ಲನ್ನು ಇನ್ನೊಂದು ಯಂತ್ರ ಸುರುಳಿ ಸುತ್ತಿ ಉಗುಳಿ ಹೋಗುತ್ತದೆ. ಹಡಿಮಂಚ, ಅದಕ್ಕೆ ಭತ್ತದ ಸೂಡಿ ಬಡಿಯುವ ಸದ್ದು, ಹುಲ್ಲಿನ ಹಗ್ಗ ಸುತ್ತಿ ಸುತ್ತಿ ಎಬ್ಬಿಸಿದ ಭತ್ತದ ತಿರಿ, ಹುಲ್ಲಿನಲ್ಲಿ ಬಿಗಿದು ಕಟ್ಟಿದ 42 ಸೇರಿನ ಅಕ್ಕಿಮುಡಿ, ಇವೆಲ್ಲ ನನ್ನ ಮಗಳಿಗೆ ಶಾಲೆಯ ವಾರ್ಷಿಕೋತ್ಸವದ ವೇದಿಕೆಯಲ್ಲಿ ಸಿಗುತ್ತವೆ. ಮುಡಿಯೊಳಗೆ ಥರ್ಮಾಕೋಲ್.

ಅಯ್ಯೋ ಅಂತ ನಾನು ಅಳುತ್ತಿಲ್ಲ. ಅಮ್ಮನ ಹತ್ತಿರ ಹಟ್ಟಿಯ ಚಂದ ಎಂದು ಬಾಯಿ ಬಿಟ್ಟರೆ ಅವರು ಸೊಂಟ ತೋರಿಸುತ್ತಾರೆ. ದಿನಾ ಹಾಡಿಗೆ ಹೋಗಿ ಸೊಪ್ಪು ತಂದು ಹಾಸಿ, ಮಳೆಗಾಲಕ್ಕೆ ಮುಂಚೆ ಆ ಗೊಬ್ಬರವನ್ನು ಹೆಡಿಗೆಯಲ್ಲಿ ತಲೆಮೇಲೆ ಹೊತ್ತು ಬೆಟ್ಟುಗದ್ದೆಗೆ ಹಾಕಿದವರು ಅವರು. ಪಟ ತೆಗೆಯುವವನಿಗೆ ಆ ಹೆಡಿಗೆಯ ಭಾರ ಕಾಣುವುದಿಲ್ಲ. ಹೋದ ತಿಂಗಳು ಮದುವೆಗೆ ಮುಂಚಿನ ಶೂಟಿಂಗ್ ಅಂತ ಒಂದು ಜೋಡಿ ನಿಮ್ಮ ಹಟ್ಟಿಯ ಬಾಗಿಲಲ್ಲೇ ನಿಂತು ನಕ್ಕು ಹೋಯಿತಂತೆ. ಹಸುಗಳಿಗೆ ಹುಲ್ಲು ಹಾಕುವ ಬೈಪಣೆಯ ಮೇಲೆ ಕೂತು ಹುಡುಗಿ ಎಳನೀರು ಕುಡಿದಳಂತೆ. ನಿಮ್ಮ ಚಿಕ್ಕಪ್ಪ ಇನ್ನೂ ನಗುತ್ತಿದ್ದಾರೆ.

ಆದರೂ ಒಂದು ಮಾತು. ಮಣಿಪಾಲದ ಹಸ್ತಶಿಲ್ಪ ಎಂಬ ಹಳೆಮನೆಗಳ ಸಂಗ್ರಹಾಲಯದಲ್ಲಿ ವಿಜಯನಾಥ ಶೆಣೈಯವರು ಕುಂಜೂರಿನ ಚೌಕಿಮನೆ, ಹರ್ಕೂರಿನ ಮನೆ ಎಲ್ಲ ಬಿಚ್ಚಿ ತಂದು ಮತ್ತೆ ಕಟ್ಟಿ ನಿಲ್ಲಿಸಿದರು. ಕೆತ್ತನೆಯ ಕಂಬ ಇದ್ದ ಮನೆಗೆ ಅಂಥವರು ಸಿಗುತ್ತಾರೆ. ಹಟ್ಟಿಯಲ್ಲಿ ಏನು ಕೆತ್ತನೆ? ಇರುವುದೊಂದೇ, ಹಸುಗಳು ಕುತ್ತಿಗೆ ಉಜ್ಜಿ ಉಜ್ಜಿ ಕನ್ನಡಿಯಂತೆ ಮಾಡಿದ ಆ ಹಲಸಿನ ಕಂಬ. ಅದರ ಪಟ ಬೇರೆಯಾಗಿ ಕಳಿಸಿದ್ದೇನೆ. ಅದರಲ್ಲೇ ಮೇಲೆ, ದೀಪಾವಳಿಯಂದು ಬಿಳಿ ಜೇಡಿಮಣ್ಣಿನ ನೀರಿಗೆ ಅಳತೆಯ ಸಿದ್ದೆ ಅದ್ದಿ ಹಸುವಿಗೆ ಬಳೆ ಬಳೆ ಒತ್ತುವಾಗ ನೀನು ಕಂಬಕ್ಕೂ ಒತ್ತಿದ್ದ ಒಂದು ಬಿಳಿ ಉರುಟು ಇನ್ನೂ ಕಾಣುತ್ತದೆ. ಅಪ್ಪಯ್ಯನಿಂದ ಪೆಟ್ಟು ತಿಂದದ್ದು ನೆನಪುಂಟಲ್ಲ?

ಈಗ ಕೆಲಸದ ಮಾತು. ಮರ ವ್ಯಾಪಾರದವರೊಬ್ಬರು ಬಂದು ಮಾಡಿನ ಪಕಾಸು (ಹಂಚು ಹೊರುವ ಮರ), ಕಂಬ, ಹಂಚು ಎಲ್ಲ ಸೇರಿಸಿ ಒಂದು ಮೊತ್ತ ಹೇಳಿ ಹೋಗಿದ್ದಾರೆ. ಚಿಕ್ಕಪ್ಪ ನಿನ್ನನ್ನು ಕೇಳದೆ ಕೊಡುವುದಿಲ್ಲ ಅಂತ ಕೂತಿದ್ದಾರೆ. ನಾನು ಮಾಡು ನೋಡಿದೆ. ಪಕಾಸುಗಳು ಗಟ್ಟಿ ಇವೆ, ಪಶ್ಚಿಮದ ಎರಡಕ್ಕೆ ಮಾತ್ರ ಗೆದ್ದಲು. ಐದಾರು ವರ್ಷದಿಂದ ಯಾರೂ ಹಂಚು ಕೈಯಾಡಿಸಿಲ್ಲ, ಅದೇ ರೋಗ. ಒಂದು ನಲವತ್ತು ಹಂಚು ಬದಲಿಸಿ ಉಳಿದದ್ದನ್ನು ಸರಿಯಾಗಿ ಕೂರಿಸಿದರೆ ಈ ಮಳೆಗಾಲ ದಾಟುತ್ತದೆ. ಇಬ್ಬರಿಗೆ ಎರಡು ದಿನದ ಕೆಲಸ. ಹಳೆ ಹಂಚು ನಮ್ಮ ತೋಟದ ಬದಿಯಲ್ಲಿ ರಾಶಿ ಇದೆ, ಅದಕ್ಕೆ ನೀನು ದುಡ್ಡು ಕೊಡುವುದು ಬೇಡ.

ಮಳೆಗಾಲಕ್ಕೆ ಮುಂಚಿನ ಹತ್ತನಾವಧಿಯ ದಿನದ ಒಳಗೆ ಒಂದು ಮಾತು ಹೇಳು. ಕೊಡುವುದಾದರೂ ಹೇಳು, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ, ಆ ಕಂಬವೊಂದನ್ನು ಮಾತ್ರ ನಾನು ಎತ್ತಿಟ್ಟುಕೊಳ್ಳುತ್ತೇನೆ. ಬೈಪಣೆಯಲ್ಲಿ ಬೆಕ್ಕು ಮೂರು ಮರಿ ಹಾಕಿದೆ. ಕಣ್ಣು ಬಿಡುವವರೆಗೆ ಆ ಕಡೆ ಯಾರನ್ನೂ ಬಿಡಬೇಡಿ ಅಂತ ಚಿಕ್ಕಪ್ಪನಿಗೆ ಹೇಳಿ ಬಂದಿದ್ದೇನೆ.

ನಿನ್ನವನೇ