ಹಳೆಯ ಕಂಚಿನ ಪಟ್ಟಿಗಳಿಗೆ ಅರ ಹಾಕುವ ಮುನ್ನ: ನಮ್ಮ ಗ್ರಾಹಕರಿಗೆ ಪತ್ರ

ಓಂ ಸ್ವಸ್ತ್ಯಸ್ತು.

ದೇವಸ್ಥಾನಗಳ, ಬಂಜಾರ್‌ಗಳ (ಊರಿನ ಕೇರಿ ಸಮುದಾಯಗಳ) ಎಲ್ಲ ವಾದಕ ಬಳಗದವರಿಗೆ ಬಾಲಿಯ ತಿಹಿಂಗನ್ ಊರಿನ ನಮ್ಮ ಕುಲುಮೆಯಿಂದ ನಮಸ್ಕಾರ.

ವಾದ್ಯಗಳನ್ನು ಪೂಜಿಸುವ ದಿನವಾದ ತುಂಪೆಕ್ ಕ್ರುಲುತ್ ಬರುತ್ತಿದೆ, ಆ ಪೂಜೆ ಮುಗಿದ ಮೇಲೆ ನಮ್ಮಲ್ಲಿ ಒಂದು ಪದ್ಧತಿ ಬದಲಾಗುತ್ತದೆ. ಹಳೆಯ ಗಮೆಲಾನ್, ಅಂದರೆ ಒಟ್ಟಿಗೆ ನುಡಿಸುವ ಕಂಚಿನ ವಾದ್ಯಗಳ ಮೇಳ, ಬಂದರೆ ಅದರ ಕಂಚಿನ ಪಟ್ಟಿಗಳಿಗೆ ತಕ್ಷಣ ಅರ ಹಾಕುವುದಿಲ್ಲ. ಮೊದಲು ಬಿದಿರಿನ ಕೊಳವೆ, ತೊಗಲಿನ ದಾರ, ಹಲಸಿನ ಮರದ ಚೌಕಟ್ಟು ಸರಿ ಮಾಡುತ್ತೇವೆ. ಆಮೇಲೆ ನಿಮ್ಮನ್ನು ಕರೆಸಿ ನುಡಿಸಿ ತೋರಿಸುತ್ತೇವೆ. ಅದಾದ ಮೇಲೂ ಬೇಕು ಅನ್ನಿಸಿದರೆ ಮಾತ್ರ ಶ್ರುತಿ ತಿದ್ದುವುದು. ಅದಕ್ಕೆ ಒಂದು ಪಟ್ಟಿಗೆ ಇಷ್ಟು ಎಂದು ಬೇರೆ ಕೂಲಿ. ಸಮಯವೂ ಜಾಸ್ತಿ ಹಿಡಿಯುತ್ತದೆ. ಹಬ್ಬ ಹತ್ತಿರ ಇಟ್ಟುಕೊಂಡವರಿಗೆ ಇದರಿಂದ ತೊಂದರೆ ಆಗುತ್ತದೆ. ಕ್ಷಮಿಸಿ.

"ಕೆಲಸ ಕಡಿಮೆ ಮಾಡಿ ದುಡ್ಡು ಜಾಸ್ತಿ ಕೇಳ್ತೀರಾ?" ಈ ಮಾತನ್ನು ತುಂಬ ಜನ ಕೇಳಿದ್ದಾರೆ. ಬೇಜಾರಾಗಿದೆ. ಅದಕ್ಕೇ ಬಿಡಿಸಿ ಹೇಳುತ್ತೇನೆ.

ಸ್ವರ ಏರಿಸಲು ಪಟ್ಟಿಯ ತುದಿಗಳನ್ನು ಉಜ್ಜಬೇಕು, ಇಳಿಸಲು ನಡುಭಾಗವನ್ನು. ಎರಡರಲ್ಲೂ ಕಂಚು ಹೋಗುತ್ತದೆ. ಹೋದದ್ದು ಮತ್ತೆ ಬರುವುದಿಲ್ಲ. ಒಂದು ಪಟ್ಟಿ ಮುಟ್ಟಿದರೆ ಅದರ ಜೋಡಿಯನ್ನೂ ನೋಡಬೇಕು. ಜೋಡಿಯಲ್ಲಿ ಪೆಂಗುಂಬಂಗ್ ಅನ್ನುವುದರ ಸ್ವರ ತುಸು ತಗ್ಗು, ಪೆಂಗಿಸೆಪ್ ಅನ್ನುವುದರದು ತುಸು ಮೇಲು. ಆ ಅಂತರ ಕೆಟ್ಟರೆ, ಎರಡನ್ನೂ ಒಟ್ಟಿಗೆ ನುಡಿಸಿದಾಗ ಏಳುವ ನಾದದ ಅಲೆಯೇ ನಿಂತುಹೋಗುತ್ತದೆ. ಕೆಳಗಿನ ಕೊಳವೆಯೂ ಪಟ್ಟಿಯ ಸ್ವರಕ್ಕೆ ಹೊಂದಬೇಕು. ಅರ ಹಿಡಿದು ನಾಲ್ಕು ಸಲ ಎಳೆಯುವುದು ಸುಲಭ. ಕಿವಿಯಿಟ್ಟು ಕೂರುವುದೇ ದಿನಗಟ್ಟಲೆಯ ಕೆಲಸ, ಕೂಲಿ ಅದಕ್ಕೆ. ಎಷ್ಟೋ ಸಲ ತಪ್ಪು ಪಟ್ಟಿಯದಲ್ಲ, ಸೀಳಿದ ಬಿದಿರಿನದು.

ಹಿಂದೆ ಒಂದು ಹಳೆಯ ಜುಬ್ಲಾಗ್ (ಕಂಚಿನ ಪಟ್ಟಿಗಳ ವಾದ್ಯ) ಜೋಡಿಯನ್ನು ಪಕ್ಕದ ಬಂಜಾರ್‌ನ ಹೊಸ ಗೊಂಗ್ ಕೆಬ್ಯಾರ್ ಎಂಬ ಹೊಸ ಬಗೆಯ ಗಮೆಲಾನ್‌ಗೆ ಹೊಂದಿಸಿ ಎಂದು ಕೇಳಿದ್ದರು. ಹೊಂದಿಸಿಕೊಟ್ಟೆವು. ಅದರ ಹಳೆಯ ದನಿ ಹೋಯಿತು. ಬೇಡ ಎನ್ನಬೇಕಾಗಿತ್ತು, ಹೇಳಲಿಲ್ಲ. ಅದು ನಮ್ಮ ತಪ್ಪು. ಒಂದೊಂದು ಗಮೆಲಾನ್‌ಗೂ ಅದರದೇ ಶ್ರುತಿ ಇರುತ್ತದೆ, ಅಲ್ವಾ? ಕಳೆದ ಶತಮಾನದಲ್ಲಿ ಉತ್ತರ ಬಾಲಿಯಿಂದ ಕೆಬ್ಯಾರ್ ಹುಚ್ಚು ಬಂದಾಗ ಎಷ್ಟೋ ಸೆಮಾರ್ ಪೆಗುಲಿಂಗನ್‌ಗಳನ್ನು, ಅಂದರೆ ಅರಮನೆಗಳ ಹಳೆಯ ಗಮೆಲಾನ್‌ಗಳನ್ನು, ಕರಗಿಸಿ ಹೊಸದು ಎರೆದರು. ಕರಗಿಸಿದ್ದು ನಮ್ಮಂಥ ಪಾಂಡೆಗಳ (ಲೋಹದ ಕೆಲಸದವರ) ಕುಲುಮೆಗಳೇ. ಉಳಿದದ್ದನ್ನು ಅರದಿಂದ ಸವೆಸಲು ನಮಗೆ ಮನಸ್ಸಿಲ್ಲ.

ಇನ್ನು ಲೋಹದ ಬೆಲೆ. "ತವರ ನಮ್ಮ ಇಂಡೊನೇಷ್ಯಾದ ಬಂಗ್ಕಾ ದ್ವೀಪದಲ್ಲೇ ಸಿಗುತ್ತಲ್ಲ, ಯಾಕೆ ದುಬಾರಿ?" ಅನ್ನುತ್ತಾರೆ. ನಮ್ಮ ನೆಲದಲ್ಲಿ ಸಿಕ್ಕರೂ ಅದರ ಬೆಲೆ ನಿರ್ಧಾರವಾಗುವುದು ಜಗತ್ತಿನ ಮಾರುಕಟ್ಟೆಯಲ್ಲಿ. ಕೆರವಾಂಗ್ ಎಂದು ಕರೆಯುವ ನಮ್ಮ ವಾದ್ಯಗಳ ಕಂಚಿಗೆ 10 ಪಾಲು ತಾಮ್ರಕ್ಕೆ ಸುಮಾರು 3 ಪಾಲು ತವರ ಬೇಕು. ತವರ ಕಡಿಮೆ ಮಾಡಿದರೆ ದನಿ ಮಂಕು. ಒಡೆದ ಪಟ್ಟಿಯ ಬದಲಿಗೆ ಹೊಸದು ಮಾಡುವಾಗ ನಾವು ಅದರಲ್ಲಿ ಕೈ ಬಿಗಿ ಹಿಡಿದಿಲ್ಲ, ಹಿಡಿಯುವುದೂ ಇಲ್ಲ. ಇದ್ದಿಲು, ಹಲಸಿನ ಮರ ಎಲ್ಲವೂ ಏರಿದೆ. ಬಿದಿರಿನ ಬದಲು ಪ್ಲಾಸ್ಟಿಕ್ ಪೈಪ್ ಹಾಕಿದರೆ ಅಗ್ಗವಾಗುತ್ತದೆ, ನಿಜ. ಹಳೆಯ ವಾದ್ಯಕ್ಕೆ ಅದನ್ನು ನಾವು ಹಾಕುವುದಿಲ್ಲ.

ಈಗಾಗಲೇ ನಮ್ಮಲ್ಲಿರುವ ವಾದ್ಯಗಳಿಗೆ ಮಾತಾಡಿದ ದರವೇ. ಒಂದು ರುಪಿಯಾವನ್ನೂ ಹೆಚ್ಚಿಸುವುದಿಲ್ಲ. ನಿಮ್ಮ ಗಾಂಗ್ಸಾಗಳನ್ನು (ಪಟ್ಟಿ ಇರುವ ವಾದ್ಯಗಳನ್ನು) ಕೊಳವೆಗಳ ಸಮೇತ ಕಳಿಸಿ, ಬರೀ ಪಟ್ಟಿ ಬೇಡ. ಶ್ರುತಿ ನೋಡುವ ದಿನ ನಿಮ್ಮಲ್ಲಿ ಹಿರಿಯ ವಾದಕರೊಬ್ಬರು ಬಂದು ನನ್ನ ಪಕ್ಕ ಕೂರಲಿ. ಅವರು ಸಾಕು ಅಂದ ಕಡೆ ನಾನು ಅರ ಕೆಳಗಿಡುತ್ತೇನೆ.

ಓಂ ಶಾಂತಿ ಶಾಂತಿ ಶಾಂತಿ ಓಂ.