ಕಪ್ಪು ಕಲ್ಲಿನ ವನೇಡಿಯಂ ಜರಡಿಗೆ ಸಿಗುವುದಿಲ್ಲ

ಮಾನ್ಯ ಸಂಪಾದಕರೇ,

ಚನ್ನಗಿರಿ ತಾಲ್ಲೂಕಿನ ಉಬ್ರಾಣಿ, ತಾವರೆಕೆರೆ ಕಡೆಯ ಕಪ್ಪು ಕಲ್ಲಿನಲ್ಲಿ ವನೇಡಿಯಂ ಎಂಬ ಲೋಹ ಇದೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದು ನಿಜವೇ. ಆದರೆ ಕಲ್ಲು ಪುಡಿ ಮಾಡಿ ಜರಡಿ ಹಿಡಿದರೆ ವನೇಡಿಯಂ ಬೇರೆ, ಕಬ್ಬಿಣ ಬೇರೆ ಆಗುತ್ತದೆ ಎಂದೂ ಈಗ ಕೆಲವರು ಹೇಳುತ್ತಿದ್ದಾರೆ. ನಾನು ದಾವಣಗೆರೆಯಲ್ಲಿ ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಪಾಠ ಮಾಡುವವಳು, ತವರು ಚನ್ನಗಿರಿ ಕಡೆ. ನೆಂಟರೇ ಬಂದು ಹೀಗೆ ಕೇಳಿದ ಮೇಲೆ ಸುಮ್ನಿರಲು ಮನಸ್ಸು ಬರಲಿಲ್ಲ.

ಆ ಕಲ್ಲು ಟೈಟಾನಿಯಂ ಲೋಹ ಸೇರಿದ ಮ್ಯಾಗ್ನೆಟೈಟ್, ಅಂದರೆ ಒಂದು ಬಗೆಯ ಕಬ್ಬಿಣದ ಅದಿರು. ಸಣ್ಣ ತುಂಡೂ ಕೈಗೆ ಭಾರ. ಹಳೆ ಸ್ಪೀಕರಿನ ಅಯಸ್ಕಾಂತ ಹಿಡಿದರೆ ಪಟ್ಟನೆ ಕಚ್ಚಿಕೊಳ್ಳುತ್ತದೆ. ಟೈಲ್ಸಿನ ಹಿಂಬದಿಯ ಒರಟು ಕಡೆ ಉಜ್ಜಿದರೆ ಕಪ್ಪು ಗೆರೆ ಬೀಳುತ್ತದೆ. ಇನ್ನೊಂದು ಕಬ್ಬಿಣದ ಅದಿರು ಹೆಮಟೈಟ್ ಆದರೆ ಕೆಂಪು ಗೆರೆ. ಇಷ್ಟನ್ನು ಮನೆಯಲ್ಲೇ ನೋಡಬಹುದು. ವನೇಡಿಯಂ ಮಾತ್ರ ಹೀಗೆ ಕಣ್ಣಿಗೆ ಬೀಳುವುದಿಲ್ಲ. ಅಕ್ಕಿಯಲ್ಲಿ ಕಲ್ಲು ಸೇರಿದ ಹಾಗೆ ಅದು ಸೇರಿಲ್ಲ. ಹರಳಿನೊಳಗೆ ಕಬ್ಬಿಣ ಇರಬೇಕಾದ ಜಾಗದಲ್ಲೇ ಹೋಗಿ ಕೂತಿದೆ.

ಮ್ಯಾಗ್ನೆಟೈಟ್ ಸ್ಪಿನೆಲ್ ಗುಂಪಿನ ಖನಿಜ. ಇವುಗಳಲ್ಲಿ ಆಮ್ಲಜನಕ ಒತ್ತೊತ್ತಾಗಿ ಜೋಡಿಸಿಕೊಂಡಿರುತ್ತದೆ. ನಡುವಿನ ಸಂದಿಗಳಲ್ಲಿ ಲೋಹ ಇರುತ್ತದೆ. ಸಂದಿ ಎರಡು ಥರ: ಸುತ್ತ 4 ಆಮ್ಲಜನಕ ಇರುವ ಸಣ್ಣದು, 6 ಇರುವ ದೊಡ್ಡದು. 32 ಆಮ್ಲಜನಕಕ್ಕೆ 8 ಸಣ್ಣ ಸಂದಿ, 16 ದೊಡ್ಡ ಸಂದಿ ತುಂಬಿರುತ್ತವೆ. ಯಾವ ಲೋಹಕ್ಕೆ ಯಾವ ಸಂದಿ ಎಂಬುದು ಅದರ ಗಾತ್ರ, ಚಾರ್ಜ್, ಎಲೆಕ್ಟ್ರಾನುಗಳ ಜೋಡಣೆಯ ಮೇಲೆ ನಿಂತಿದೆ. 3+ ವನೇಡಿಯಂನ (ಮೂರು ಎಲೆಕ್ಟ್ರಾನ್ ಕಳೆದುಕೊಂಡದ್ದು) ತ್ರಿಜ್ಯ ಸುಮಾರು 0.64 ಆಂಗ್‌ಸ್ಟ್ರಾಮ್ (ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಪಾಲು ಒಂದು ಆಂಗ್‌ಸ್ಟ್ರಾಮ್), 3+ ಕಬ್ಬಿಣದ್ದು 0.645. ಹೆಚ್ಚುಕಮ್ಮಿ ಒಂದೇ, ಅಲ್ವಾ? ಅದಕ್ಕೇ ದೊಡ್ಡ ಸಂದಿಗೆ ಸಲೀಸಾಗಿ ಸೇರುತ್ತದೆ. ಕ್ರೋಮಿಯಂ, ನಿಕಲ್ ಕೂಡ ಅಲ್ಲಿಗೇ ಹೋಗುತ್ತವೆ, ಸತು ಸಣ್ಣದಕ್ಕೆ. ಟೈಟಾನಿಯಂ ಚಾರ್ಜ್ 4+. ಅದು ಒಳಗೆ ಬರಬೇಕಾದರೆ ಎರಡು 3+ ಕಬ್ಬಿಣ ಜಾಗ ಬಿಡಬೇಕು, ಜೊತೆಗೆ ಒಂದು 2+ ಕಬ್ಬಿಣವೂ ಬರಬೇಕು. ಆಗಲೇ ಚಾರ್ಜಿನ ಲೆಕ್ಕ ಸರಿಹೋಗುವುದು. ಕಲ್ಲು ನಿಧಾನವಾಗಿ ಆರುವಾಗ ಟೈಟಾನಿಯಂನ ಒಂದು ಪಾಲು ಇಲ್ಮನೈಟ್ ಎಂಬ ಕಬ್ಬಿಣ-ಟೈಟಾನಿಯಂ ಖನಿಜದ ತೆಳು ಪಟ್ಟಿಗಳಾಗಿ ಬೇರೆಯಾಗುತ್ತದೆ. ವನೇಡಿಯಂ ಬಹುಪಾಲು ಮ್ಯಾಗ್ನೆಟೈಟಿನಲ್ಲೇ ಉಳಿಯುತ್ತದೆ.

ಇದರಲ್ಲಿ ನನಗೆ ತುಂಬ ಹಿಡಿಸುವ ವಿಷಯ ಒಂದಿದೆ. ಕರಗಿದ ಶಿಲೆಯಲ್ಲಿ ಆಮ್ಲಜನಕದ ಪ್ರಭಾವ ಜಾಸ್ತಿಯಾದರೆ ವನೇಡಿಯಂ 4+, 5+ ಆಗಿಬಿಡುತ್ತದೆ, ಮ್ಯಾಗ್ನೆಟೈಟಿಗೆ ಸೇರುವುದು ಕಡಿಮೆಯಾಗುತ್ತದೆ. ಹಾಗಾಗಿ ಹರಳಿನಲ್ಲಿರುವ ವನೇಡಿಯಂ ಅಳೆದು, ಆ ಕಲ್ಲು ಹುಟ್ಟಿದಾಗ ಆಮ್ಲಜನಕದ ಸ್ಥಿತಿ ಹೇಗಿತ್ತು ಎಂದು ಅಂದಾಜು ಮಾಡುತ್ತಾರೆ.

ಪುಡಿ ಮಾಡಿ ಅಯಸ್ಕಾಂತ ಆಡಿಸಿದರೆ ಸಿಗುವುದು ಮ್ಯಾಗ್ನೆಟೈಟ್ ಅಷ್ಟೇ. ವನೇಡಿಯಂ ಬೇಕಾದರೆ ವಾಷಿಂಗ್ ಸೋಡಾದಂಥ ಸೋಡಿಯಂ ಲವಣ ಬೆರೆಸಿ ಕುಲುಮೆಯಲ್ಲಿ ಹುರಿಯಬೇಕು, ನೀರಿನಲ್ಲಿ ಕರಗುವ ಸೋಡಿಯಂ ವನಡೇಟ್ ಆಗಿ ಮಾಡಿ ತೆಗೆಯಬೇಕು. ಅದು ಕಾರ್ಖಾನೆ ಕೆಲಸ. ಹೊಲದ ಕಲ್ಲು ನೋಡಿ ಆಸೆ ಹುಟ್ಟಿಸಿ, 'ಟೆಸ್ಟ್ ಮಾಡಿಸಿಕೊಡ್ತೀವಿ' ಎಂದು ಮುಂಗಡ ಕೇಳುವವರಿಗೆ ರೈತರು ದಯವಿಟ್ಟು ದುಡ್ಡು ಕೊಡಬೇಡಿ.

ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಒಂದು ಕೋರಿಕೆ. ನಮ್ಮ ಮಕ್ಕಳು ವನೇಡಿಯಂ, ಟೈಟಾನಿಯಂ ಎಂದು ಬಾಯಿಪಾಠ ಮಾಡುತ್ತಾರೆ. ಇದೇ ಜಿಲ್ಲೆಯ ಆ ಕಲ್ಲನ್ನು ಮುಟ್ಟಿ ನೋಡಿದವರೇ ಕಡಿಮೆ. ಜಿಲ್ಲೆಯ ಪ್ರತಿ ಪಿಯು ಕಾಲೇಜಿನ ಪ್ರಯೋಗಾಲಯಕ್ಕೆ ಒಂದೊಂದು ತುಂಡು ಕೊಡಿ. ಯಾವ ಊರಿನದು, ಅದರಲ್ಲಿ ವನೇಡಿಯಂ ಎಷ್ಟು, ಟೈಟಾನಿಯಂ ಎಷ್ಟು ಎಂದು ಚೀಟಿಯಲ್ಲಿ ಕನ್ನಡದಲ್ಲೇ ಬರೆದು ಅಂಟಿಸಿ ಕೊಡಿ.

– ರಸಾಯನಶಾಸ್ತ್ರ ಉಪನ್ಯಾಸಕಿ, ದಾವಣಗೆರೆ