ಎಂಟನೇ ಕ್ಲಾಸಿನ ಎತ್ತು

ದೋಸ್ತ,

ಹೆಂಗದಿ? ಫೋನಿನ್ಯಾಗ ಹೇಳಾಕ ಹೋದ್ರ ಅರ್ಧಕ್ಕ ನಿಲ್ತೈತಿ, ಅದಕ್ಕ ಬರ್ಯಾಕತ್ತೀನಿ. ಪ್ರಾಕ್ಟೀಸ್ ಟೀಚಿಂಗಿಗೆ ನನಗ ನವಲಗುಂದ ಕಡೆ ಒಂದು ಹಳ್ಳಿ ಹೈಸ್ಕೂಲ್ ಸಿಕ್ಕೈತಿ, ಬಂದು ಐದು ವಾರ ಆತು. ಡ್ರಾಯಿಂಗಿಗೆ ಅಂತ ಬ್ಯಾರೆ ಖೋಲಿ ಇಲ್ಲ, ಎಂಟನೇ ಕ್ಲಾಸಿನ್ಯಾಗ 52 ಹುಡುಗೂರು, 40 ನಿಮಿಷದ ಪಿರಿಯಡ್, ಅದರಾಗ ಹಾಳಿ ಹಂಚಿ ಪೆನ್ಸಿಲ್ ಚೂಪ್ ಮಾಡೂದ್ರಾಗ 10 ನಿಮಿಷ ಹೋಕ್ಕಾವು.

ಮೊದಲನೇ ದಿನ ಬೋರ್ಡ್ ಮ್ಯಾಲೆ ಒಂದು ಎತ್ತು ತೆಗದೆ. ನಾವಿಬ್ರೂ ಸಂತ್ಯಾಗ ಕುಂತು ಸ್ಕೆಚ್ ಮಾಡ್ತಿದ್ವೆಲ್ಲ, ಅದೇ ಕೈ, ಭಾಳ ಚಂದ ಬಂತು, ಹುಡುಗೂರು ಚಪ್ಪಾಳಿ ಹೊಡದ್ರು. ಪಿರಿಯಡ್ ಮುಗದಾಗ ನೋಡಿದ್ರ 52 ಹಾಳಿ ಮ್ಯಾಲೂ ನನ್ನ ಎತ್ತೇ. ಎತ್ತಿನ ಸಂಗಾಟ ಬೆಳದ ಹುಡುಗೂರು ಅವು, ಒಬ್ಬರ ಹಾಳ್ಯಾಗೂ ಅವರ ಮನಿ ಎತ್ತು ಇರಲಿಲ್ಲ.

ಮುಂದಿನ ವಾರ ಬೋರ್ಡ್ ಮುಟ್ಟಲಿಲ್ಲ, ನಿಮ್ಮ ಮನೀದು ತೆಗೀರಿ ಅಂದೆ. ಹಿಂದಿನ ಬೆಂಚಿನ ಒಬ್ಬ ಹುಡುಗ ಮೈ ಮಗ್ಗಲಿಂದ, ಕ್ವಾಡು ಎರಡೂ ಎದುರಿಂದ, ಕಾಲು ನಾಕೂ ಸಾಲಾಗಿ ತೆಗದಿದ್ದ. ನಾ ವಿಚಾರ ಮಾಡಲಿಲ್ಲ, ರಬ್ಬರ್ ತೊಗೊಂಡು ಕಾಲು ಅಳಿಸಿ ತಿದ್ದಿ ಕೊಟ್ಟೆ. ಅಂವ ಏನೂ ಅನ್ನಲಿಲ್ಲ. ಮುಂದಿನ ಪಿರಿಯಡ್ಡಿಗೆ ಖಾಲಿ ಹಾಳಿ ನನ್ನ ಕಡೆ ಸರಿಸಿ, "ನೀವ ತೆಗೀರಿ ಸರ, ನನಗ ಬರಂಗಿಲ್ಲ" ಅಂದ. ಆ ಮಾತು ರಾತ್ರಿ ಪೂರ್ತಿ ಕಿವ್ಯಾಗ ಇತ್ತು ನೋಡು. ಒಂದು ವಾರದ ಹಿಂದ ಅವಗ ಬರತಿತ್ತು.

ಇಲ್ಲಿನ ಡ್ರಾಯಿಂಗ್ ಮಾಸ್ತರಿಗೆ ಹೋಗಿ ಹೇಳಿದೆ. ಡ್ರಾಯಿಂಗಿನ ಲೋಯರ್, ಹೈಯರ್ ಪರೀಕ್ಷಾಕ್ಕ ಎಷ್ಟೋ ವರ್ಷದಿಂದ ಹುಡುಗೂರನ್ನ ತಯಾರ್ ಮಾಡಿದ ಮನಷ್ಯಾ, ಬೈಲಿಲ್ಲ. "ಹುಡುಗೂರ ಹಾಳಿ ಮ್ಯಾಲೆ ಗೆರಿ ಎಳೀಬ್ಯಾಡ್ರಿ. ತೋರಿಸಾಕ ಬೇಕಂದ್ರ ಬಾಜೂಕ ಬ್ಯಾರೆ ಹಾಳಿ ಇಟ್ಕೊಂಡು ತೋರಿಸ್ರಿ" ಅಂದ್ರು, ಅಷ್ಟ. ನನ್ನ ನೋಟ್ಸಿನ್ಯಾಗ ಮಕ್ಕಳ ಚಿತ್ರದ ಬಗ್ಗೆ ಬರದ ವಿಕ್ಟರ್ ಲೋವೆನ್‌ಫೆಲ್ಡ್ ಅಂತ ಹೆಸರೈತಿ, ಮಾರ್ಕಿಗಂತ ಬಾಯಿಪಾಠ ಮಾಡಿದ್ದು, ಅವತ್ತು ತಗದು ಮತ್ತ ಓದಿದೆ. ಸಣ್ಣ ಮಕ್ಕಳು ಕಣ್ಣಿಗೆ ಕಂಡಿದ್ದಕ್ಕಿಂತ ತಮಗ ಗೊತ್ತಿದ್ದದ್ದು ತೆಗೀತಾವು, ಹನ್ನೊಂದು ಹನ್ನೆರಡು ದಾಟಿದ ಮ್ಯಾಲೆ ತಮ್ಮ ಚಿತ್ರ ತಾವ ನೋಡಿ ಇದು ಸರಿ ಇಲ್ಲ ಅನ್ನಾಕ ಸುರು ಮಾಡ್ತಾವು, ಭಾಳ ಮಂದಿ ಚಿತ್ರ ಬಿಡೂದು ಅಲ್ಲೇ. ನಾ ರಬ್ಬರ್ ಹಿಡದಿದ್ದು ಸರಿಯಾಗಿ ಆ ವಯಸ್ಸಿಗೆ. ಈ ಲೋವೆನ್‌ಫೆಲ್ಡ್ 1938ರಾಗ ಆಸ್ಟ್ರಿಯಾ ಬಿಡೂಕಿಂತ ಮೊದಲ ವಿಯೆನ್ನಾದಾಗ ಕಣ್ಣು ಕಾಣದ ಮಕ್ಕಳ ಸಾಲ್ಯಾಗ ಇದ್ದ, ಅವರ ಕೈಲೆ ಮಣ್ಣಿನ ಮೂರ್ತಿ ಮಾಡಸ್ತಿದ್ದ.

ಮಣ್ಣು ಅಂದಕೂಡ್ಲೆ ನನಗ ಮಣ್ಣೆತ್ತಿನ ಅಮಾಸಿ ನೆನಪಾತು, ನಾಕೇ ದಿನ ಇತ್ತು. ಹೊಲದಾಗಿನ ಎರಿ ಮಣ್ಣು ತರ್ರಿ ಅಂದೆ, ಬುಟ್ಟಿ ತುಂಬಿ ತಂದ್ರು, ವರಾಂಡದಾಗ ಕುಂತ್ವಿ. ಎರಿ ಒಣಗಿದ್ರ ಸೀಳ್ತೈತಿ ಅಂತ ನನಗ ಅಂಜಿಕಿ. ಆ ಹುಡುಗ ಯಾರನ್ನೂ ಕೇಳಲಿಲ್ಲ, ಹತ್ತಿ ಹಿಂಜಿ ಮಣ್ಣಾಗ ಕಲಸಿ ಕಲ್ಲಿನ ಮ್ಯಾಲೆ ಕುಟ್ಟಾಕತ್ತ. ಎತ್ತಿಗೆ ಮೊದಲು ಮಾಡಿದ್ದು ಇಣಿ, ಅಂದ್ರ ಹೆಗಲ ಮ್ಯಾಲಿನ ಡುಬ್ಬ. ನಾ ಆಗಿದ್ರ ತಲಿಯಿಂದ ಸುರು ಮಾಡ್ತಿದ್ದೆ. ಕಾಲು ಗಿಡ್ಡ, ದಪ್ಪ, ಭಾರ ತಡೀಬೇಕಲ್ಲ. ಆಮ್ಯಾಲೆ ಕೊರಳಿನ ಮ್ಯಾಲೆ, ಇಣಿ ಮುಂದ, ಹೆಬ್ಬಟ್ಟಿಲೆ ಮೆತ್ತಗ ಒತ್ತಿ ಒಂದು ತಗ್ಗು ಮಾಡಿದ. ಇದೇನೋ ಅಂದೆ. "ನೊಗ ಕುಂದ್ರೂ ಜಾಗಾ ಸರ." ನಮ್ಮ ಸ್ಕೆಚ್ ಬುಕ್ಕಿನ ಅಷ್ಟೂ ಎತ್ತಿನ್ಯಾಗ ಆ ತಗ್ಗು ಒಂದಕ್ಕೂ ಇಲ್ಲ, ನಾ ಮನಿಗೆ ಬಂದು ತಗದು ನೋಡಿದೆ. ಕೈ ಹಿಂದ ಕಟ್ಕೊಂಡು ನಿಂತಿದ್ದಕ್ಕ ಅದು ನನಗ ಕಂಡ್ತು.

ಅಮಾಸಿ ಆದ ಮ್ಯಾಲೆ ಪೆನ್ಸಿಲ್ ಮತ್ತ ಹಿಡದಾನ. ಕಾಲು ಇನ್ನೂ ನಾಕೂ ಸಾಲಾಗೇ ಅದಾವು, ನಾ ಮುಟ್ಟಿಲ್ಲ. ಯಾವ ಕಾಲು ನಿನ್ನ ಕಡಿಗೆ ಐತೋ ಅಂತ ಅಷ್ಟ ಕೇಳೀನಿ, ಮನಿಗೆ ಹೋಗಿ ನೋಡ್ಕೊಂಡು ಬರ್ತೀನಿ ಅಂದಾನ.

ನಿನ್ನ ಆಫೀಸಿನ್ಯಾಗ ಒಂದು ಮಗ್ಗಲು ಪ್ರಿಂಟ್ ಆಗಿ ಒಗಿಯೂ ಹಾಳಿ ಇದ್ರ ಕಟ್ಟಿ ಬಸ್ಸಿಗೆ ಹಾಕಿ ಕಳಸು, ಹುಬ್ಬಳ್ಳಿಗೆ ಬಂದು ತೊಗೋತೀನಿ. ಬಾಜೂಕ ಇಟ್ಕೊಂಡು ತೋರಿಸಾಕ ನನಗ ಹಾಳಿ ಭಾಳ ಬೇಕಾಗ್ಯಾವು.

ನಿನ್ನ ದೋಸ್ತ